ಉಳಿಸುವುದಷ್ಟೇ ಗೌರವವೇ?

ಗೋಳಗುಮ್ಮಟ ನೋಡಲು ಬರುವ ಹೆಚ್ಚಿನವರು ಅದರ ಮುಂದಿರುವ ನಗಾರಖಾನೆಯನ್ನು ದಾಟಿ ನೇರ ಒಳಗೆ ನಡೆಯುತ್ತಾರೆ. ಮೆಟ್ಟಿಲು ಹತ್ತಿ ಕೂಗಿ, ಏಳು ಸಲ ಪ್ರತಿಧ್ವನಿ ಬಂತೋ ಎಂಟು ಸಲವೋ ಎಂದು ಎಣಿಸಿ ಹಿಂದಿರುಗುತ್ತಾರೆ. ನಗಾರಖಾನೆಯಲ್ಲಿ 1892ರಲ್ಲಿ ಆರಂಭವಾದ ಮ್ಯೂಸಿಯಂ ಇದೆ. ಜಿಲ್ಲೆಯ ಶಿಲ್ಪಗಳು, ವೀರಗಲ್ಲುಗಳು, ತೀರ್ಥಂಕರರ ಮೂರ್ತಿಗಳು, ಅರಬ್ಬಿ, ಪರ್ಶಿಯನ್, ಕನ್ನಡ ಶಾಸನಗಳು, ಹಸ್ತಪ್ರತಿಗಳು, ಚೀನಾ ಪಿಂಗಾಣಿ, ಬಿದರಿ ಕೆಲಸದ ಪಾತ್ರೆಗಳು ಅಲ್ಲಿವೆ. ಒಳಗೆ ಹೋಗುವವರಲ್ಲಿ ಎರಡು ಬಗೆಯವರನ್ನು ನಾನು ಗಮನಿಸಿದ್ದೇನೆ. ಒಂದು, ಫಲಕ ಓದಿ ಮುಂದೆ ಸರಿಯುವವರು. ಇನ್ನೊಂದು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಂದ ಮಕ್ಕಳು ಮೊಮ್ಮಕ್ಕಳ ಜೊತೆ ಬಂದ ಹಿರಿಯರು. ಇವರು ಫಲಕ ನೋಡುವುದಿಲ್ಲ. ಮೂರ್ತಿ ಕಂಡ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿಯುತ್ತಾರೆ. ಕೈ ಮುಂದೆ ಚಾಚಿದರೆ ಕಾವಲಿನವನು, "ಮುಟ್ಟಬ್ಯಾಡ್ರಿ ಯವ್ವಾ" ಎನ್ನುತ್ತಾನೆ.

ಇವರಲ್ಲಿ ಯಾರದು ಸರಿ? ಕೈ ಮುಗಿಯುವವರಿಗೆ ಅದು ದೇವರು. ಮ್ಯೂಸಿಯಮ್ಮಿಗೆ ಅದು ಇಂಥ ಶತಮಾನದ, ಇಂಥ ಶೈಲಿಯ ಕಲ್ಲು. ಒಂದೇ ವಸ್ತು ಎರಡೂ ಆಗಿರಬಹುದು ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ನನ್ನನ್ನು ಕಾಡುವುದು ಅದರ ಹಿಂದಿನ ಪ್ರಶ್ನೆ. ಪವಿತ್ರವಾದುದನ್ನು ಗೌರವಿಸುವುದು ಎಂದರೆ ಅದನ್ನು ಉಳಿಸುವುದು ಎಂದೇ ಅರ್ಥವೇ? ಮ್ಯೂಸಿಯಂ ಎಂಬ ಸಂಸ್ಥೆ ನಿಂತಿರುವುದೇ ಹಾಗೆಂಬ ನಂಬಿಕೆಯ ಮೇಲೆ. ನಮ್ಮ ಈ ನಾಲ್ಕು ತಾಲೂಕಿನ ಜನ ಮಾತ್ರ ಹಾಗೆ ನಂಬಿದವರಲ್ಲ ಎಂದು ನನಗನಿಸುತ್ತದೆ.

ಮೊದಲು ಮಣ್ಣೆತ್ತಿನ ಮಾತು. ಜ್ಯೇಷ್ಠದ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಕೂರುತ್ತವೆ. ಅವಕ್ಕೆ ಪೂಜೆಯಾಗುತ್ತದೆ, ಎಡೆ ಹಿಡಿಯುತ್ತಾರೆ. ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರ. ಎಲ್ಲವೂ ಮಣ್ಣು, ಎಲ್ಲವೂ ಕೆಲವೇ ದಿನದ ದೇವರು. ಕೈಚಳಕ ಇರುವವರು ಮಾಡಿದ ಎತ್ತಿನ ಇಣಿ, ಕೋಡು, ಗಂಗೆದೊಗಲು ನೋಡಿದರೆ ಯಾವ ಕಲಾಶಾಲೆಯ ಶಿಲ್ಪಕ್ಕೂ ಕಡಿಮೆಯಿಲ್ಲ. ಆದರೂ, ಚೆನ್ನಾಗಿದೆ ಎಂದು ಅದನ್ನು ಎತ್ತಿಟ್ಟುಕೊಳ್ಳಬೇಕೆಂದು ಯಾರಿಗೂ ಅನಿಸುವುದಿಲ್ಲ. ಅದು ಕರಗಬೇಕು. ಕರಗಿದರೇ ಮುಂದಿನ ವರ್ಷ ಮತ್ತೆ ಮಾಡಲು ಬರುತ್ತದೆ. ಕರಗದೆ ಉಳಿದ ಮಣ್ಣೆತ್ತು ಆಟಿಕೆ.

ಇದು ನಮ್ಮೂರಿಗಷ್ಟೇ ಸೀಮಿತವಾದ ತಿಳಿವಳಿಕೆಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಝೂನಿ ಎಂಬ ಮೂಲನಿವಾಸಿ ಜನರಿದ್ದಾರೆ. ಅವರು ಯುದ್ಧದೇವತೆಗಳ ಮೂರ್ತಿಗಳನ್ನು ಮರದಲ್ಲಿ ಕೆತ್ತಿ, ಬಯಲಿನ ಗುಡಿಗಳಲ್ಲಿ ಬಿಸಿಲು ಮಳೆಗೆ ಬಿಡುತ್ತಾರೆ. ಮೂರ್ತಿ ಸವೆದು ಮಣ್ಣಾಗುವುದೇ ಅದರ ಕೆಲಸ. ಸಂಗ್ರಾಹಕರು ಅವನ್ನು ಹೊತ್ತು ತಂದು ಮ್ಯೂಸಿಯಂಗಳಿಗೆ ಸೇರಿಸಿದರು. ಮ್ಯೂಸಿಯಂಗಳು ಹುಳು ಹತ್ತದಂತೆ, ತೇವ ತಾಕದಂತೆ ಜೋಪಾನ ಮಾಡಿದವು. ಝೂನಿ ಜನರ ಕಣ್ಣಿನಲ್ಲಿ ಆ ಜೋಪಾನವೇ ತಪ್ಪು. ಡೆನ್ವರ್ ಕಲಾ ಮ್ಯೂಸಿಯಂ 1980ರಲ್ಲಿ ತನ್ನಲ್ಲಿದ್ದವನ್ನು ಅವರಿಗೆ ಹಿಂದಿರುಗಿಸಿತು. ಹಿಂದಿರುಗಿದ ದೇವರುಗಳು ಮತ್ತೆ ಬಯಲಿಗೆ ಹೋದವು, ನಿಧಾನವಾಗಿ ಮಣ್ಣಾಗಲು. ಕಲಾಪ್ರೇಮಿಗೆ ಇದು ಹೊಟ್ಟೆ ಉರಿಸುವ ಸಂಗತಿ. ಮಣ್ಣೆತ್ತನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಲಿಂಗದ ವಿಷಯದಲ್ಲಿ ಈ ವಿಚಾರ ಇನ್ನೂ ಆಳಕ್ಕಿಳಿಯುತ್ತದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿ ನಮ್ಮ ನಾಡಿನ ಬೆಳ್ಳಿಯ ಕರಡಿಗೆಗಳಿವೆ. ನಮ್ಮ ಕಡೆ ಗುಂಡಗಡಗಿ ಎನ್ನುತ್ತೇವಲ್ಲ, ಅದೇ. ಪತ್ತಾರರ ನಯವಾದ ಕೆಲಸ, ನೋಡಿದವರು ಮೆಚ್ಚಲೇಬೇಕು. ಆದರೆ ಕರಡಿಗೆ ಲಿಂಗವಲ್ಲ. ಲಿಂಗ ಕಟ್ಟಿಕೊಂಡವರು ತೀರಿಕೊಂಡಾಗ ಅವರ ಇಷ್ಟಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಮಣ್ಣು ಮಾಡುತ್ತಾರೆ. ಅದು ಮಗನಿಗೆ ಬರುವ ಆಸ್ತಿಯಲ್ಲ, ಮಠಕ್ಕೆ ಸೇರುವ ಸ್ವತ್ತಲ್ಲ, ಮಾರುವ ಒಡವೆಯಂತೂ ಅಲ್ಲವೇ ಅಲ್ಲ. ಒಬ್ಬರ ಅಂಗೈಗೆ ಬಂದದ್ದು ಅವರ ಅಂಗೈಯಲ್ಲೇ ಮುಗಿಯುತ್ತದೆ. ಹಾಗಾಗಿ ಗಾಜಿನ ಪೆಟ್ಟಿಗೆಯಲ್ಲಿರುವುದು ಆ ಪರಂಪರೆ ತಾನಾಗಿಯೇ ಹಿಂದೆ ಬಿಟ್ಟುಹೋದ ಹೊರಕವಚ. ಸಾವಿರಾರು ಮೈಲಿ ಸಾಗಿಸಿದರೂ ಮ್ಯೂಸಿಯಮ್ಮಿಗೆ ಸಿಕ್ಕಿದ್ದು ಅಷ್ಟೇ.

ನಮ್ಮ ಮನೆಯ ಜಗಲಿಯ ಮೇಲೂ ಅಜ್ಜನ ಗುಂಡಗಡಗಿ ಇತ್ತು. ಹಳೆಯ ಕೆಲಸ, ತೂಕದ ಬೆಳ್ಳಿ. ಇದರ ಬಗ್ಗೆ ಮನೆಯಲ್ಲಿ ಒಮ್ಮೆ ದೊಡ್ಡ ಚರ್ಚೆಯೇ ನಡೆಯಿತು. ಪುರಾತನ ವಸ್ತು, ಎಲ್ಲಿಯಾದರೂ ಮ್ಯೂಸಿಯಮ್ಮಿಗೆ ಕೊಟ್ಟರೆ ಅಜ್ಜನ ಹೆಸರು ಉಳಿಯುತ್ತದೆ ಎಂದು ಕಾಕಾ ಹೇಳಿದರು. ದೇವರ ವಸ್ತು, ಮನೆ ಬಿಟ್ಟು ಹೋಗಬಾರದು ಎಂದು ಅಣ್ಣ ಹಟ ಹಿಡಿದ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಲಿಂಗ ಅವರ ಕೂಡ ಹೋತು. ಇನ್ನ ಉಳದಿದ್ದು ಬೆಳ್ಳಿ. ಸಣ್ಣ ಹುಡುಗಗ ಲಿಂಗಾ ಕಟ್ಟೂ ಮುಂದ ಅದರಾಗ ಕಟ್ಟರಿ. ಇಲ್ಲಂದ್ರ ಪತ್ತಾರಗ ಕೊಡ್ರಿ." ಅವಳ ದನಿಯಲ್ಲಿ ಅಜ್ಜನ ಬಗ್ಗೆ ಅಗೌರವವೇನೂ ಇರಲಿಲ್ಲ. ಯಾವುದು ಮುಗಿಯಬೇಕೋ ಅದು ಸರಿಯಾಗಿ ಮುಗಿದಿದೆ ಎಂಬ ನೆಮ್ಮದಿ ಇತ್ತು. ಈಗ ಆ ಗುಂಡಗಡಗಿ ನನ್ನ ತಮ್ಮನ ಮಗನ ಕೊರಳಲ್ಲಿದೆ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಮಣ್ಣಿನಲ್ಲಿ ಸ್ಥಾವರ, ಜಂಗಮ ಎಂಬ ಮಾತುಗಳನ್ನು ಪಂಡಿತರಷ್ಟೇ ಬಲ್ಲರು ಎಂದುಕೊಳ್ಳಬೇಕಾಗಿಲ್ಲ.

ಮುಗಿಯಬೇಕಾದ ವಸ್ತುಗಳ ಮಾತು ಇದಾಯಿತು. ಇನ್ನು ಮರೆಯಲ್ಲಿ ಇರಬೇಕಾದವು. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ಅಲಾಯಿ ದೇವರು ಕೂರುತ್ತವೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಕೂರುವುದುಂಟು. ವರ್ಷವಿಡೀ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದ ಲೋಹದ ಪಂಜಾಗಳು ಹೊರಬರುತ್ತವೆ. ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ, ಸಕ್ಕರೆ ಓದಿಸುತ್ತಾರೆ. ಹತ್ತನೇ ದಿನ ದೇವರು ಹೊಳೆಗೆ ಹೋಗಿ ಮರಳಿ ಪೆಟ್ಟಿಗೆ ಸೇರುತ್ತವೆ. ಉಳಿದ ದಿನಗಳಲ್ಲಿ ಆ ಪೆಟ್ಟಿಗೆಯನ್ನು ಸುಮ್ಮನೆ ತೆರೆಯುವ ಧೈರ್ಯ ಯಾರಿಗೂ ಇಲ್ಲ. ಕಾಣದೇ ಇರುವ ಅಷ್ಟು ದಿನಗಳು ಸೇರಿಯೇ ಆ ಹತ್ತು ದಿನಗಳಿಗೆ ಕಳೆ ಬರುವುದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2015ರಲ್ಲಿ ದಖ್ಖನ್ನಿನ ಸುಲ್ತಾನರ ಕಾಲದ ಕಲೆಯ ದೊಡ್ಡ ಪ್ರದರ್ಶನ ನಡೆಸಿತು. ಬಿಜಾಪುರದ ಚಿತ್ರಗಳ ಜೊತೆ ದಖ್ಖನ್ನಿನ ಆಲಂಗಳನ್ನೂ, ಅಂದರೆ ನಮ್ಮ ಪಂಜಾಗಳ ಬಂಧುಗಳನ್ನೂ, ಅಲ್ಲಿ ಇಟ್ಟಿದ್ದರು. ಒಳ್ಳೆಯ ಬೆಳಕಿನಲ್ಲಿ ಲೋಹದ ಮೇಲಿನ ಅಕ್ಷರಗಳ ಸೊಬಗು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ವರ್ಷದ ಎಲ್ಲ ದಿನವೂ ಕಾಣುವ ಪಂಜಾ, ಹತ್ತೇ ದಿನ ಕಾಣುವ ಪಂಜಾ ಒಂದೇ ಅಲ್ಲ. ವಿಜಯಪುರದ ಅಸರ್ ಮಹಲಿನ ನೀತಿಯೂ ಇದೇ. ಮೊದಲು ನ್ಯಾಯದಾನಕ್ಕೆಂದು ಕಟ್ಟಿದ ಆ ಅರಮನೆ, ಪ್ರವಾದಿಯವರ ಗಡ್ಡದ ಕೂದಲೆಂದು ನಂಬಿದ ಪವಿತ್ರ ವಸ್ತುವಿಗೆ ನೆಲೆಯಾಯಿತು. ಅದು ಪೆಟ್ಟಿಗೆಯೊಳಗೆ ಇದೆ ಎಂಬುದೇ ಭಕ್ತರಿಗೆ ಸಾಕು. ಅದೇ ಕಟ್ಟಡದಲ್ಲಿದ್ದ ಗ್ರಂಥಭಂಡಾರ ಮಾತ್ರ 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಲೈಬ್ರರಿಗೆ ಹೋಯಿತು. ಪುಸ್ತಕ ದಾಟಿತು, ಕೂದಲು ಉಳಿಯಿತು. ಸಾಗಿಸಿದವರಿಗೆ ಬೇಕಾದದ್ದು ಓದುವ ವಸ್ತು. ನಂಬುವ ವಸ್ತುವಿನ ಬೆಲೆ ನಂಬಿದವರ ನಡುವೆಯೇ.

ಹಾಗಿದ್ದರೆ ಮ್ಯೂಸಿಯಂ ಎಂಬುದೇ ಬೇಡವೇ? ಹಾಗೆ ಹೇಳಿದರೆ ಫ.ಗು. ಹಳಕಟ್ಟಿಯವರಿಗೆ ಏನು ಉತ್ತರ ಕೊಡುವುದು? ವಚನಗಳ ತಾಡೋಲೆಗಳು ಮನೆಗಳಲ್ಲಿ, ಮಠಗಳಲ್ಲಿ ವಸ್ತ್ರ ಸುತ್ತಿಕೊಂಡು ಜಗಲಿಯ ಮೇಲಿದ್ದವು. ದಿನವೂ ವಿಭೂತಿ, ಹೂವು ಏರುತ್ತಿದ್ದವು; ಓದುವವರಿರಲಿಲ್ಲ. ಒಳಗಿನಿಂದ ಹುಳು ತಿನ್ನುತ್ತಿತ್ತು. ವಿಜಯಪುರದ ಈ ವಕೀಲರು ಊರೂರು ಅಲೆದು ಆ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು; 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಪೂಜೆಯ ವಸ್ತುವನ್ನು ಓದಿನ ವಸ್ತುವಾಗಿ ಮಾಡಿದ್ದು ಅಪಚಾರವಾಯಿತೇ? ಇಲ್ಲ. ತಾಡೋಲೆ ಹುಟ್ಟಿದ್ದೇ ಓದಿಸಿಕೊಳ್ಳಲು. ಓದದೆ ಪೂಜಿಸುತ್ತಿದ್ದಾಗ ಆ ಜಗಲಿಯೇ ಗಾಜಿನ ಪೆಟ್ಟಿಗೆಯಾಗಿತ್ತು.

ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಮಾಡಿದ್ದೂ ಇದೇ ಬಗೆಯ ಕೆಲಸ. ಬೀಸುವ ಕಲ್ಲಿನ ಮುಂದೆ ಹುಟ್ಟಿ ಅಲ್ಲೇ ಕರಗುತ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಇಲ್ಲಿ ಮಾತ್ರ ನನಗೆ ಮನಸ್ಸು ಎರಡಾಗುತ್ತದೆ. ಹಾಡು ಮಣ್ಣೆತ್ತಿನ ಹಾಗೆ. ಮತ್ತೆ ಮತ್ತೆ ಹೊಸದಾಗಿ ಹುಟ್ಟಬೇಕಾದದ್ದು. ಅಚ್ಚಾದ ಮೇಲೆ ಅದಕ್ಕೊಂದೇ ರೂಪ ಉಳಿಯಿತು. ಆದರೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲೇ ಸುಮ್ಮನಾದಾಗ, ಪುಸ್ತಕ ಇಲ್ಲದಿದ್ದರೆ ನಮಗೆ ಆ ಹೆಣ್ಣುಮಕ್ಕಳ ದನಿ ಎಲ್ಲಿ ಕೇಳುತ್ತಿತ್ತು? ಮತ್ತೆ ಹುಟ್ಟಿಸುವ ಕೈಗಳು ಇರುವತನಕ ಸಂಗ್ರಹ ಬೇಡ. ಆ ಕೈಗಳು ಇಲ್ಲವಾದಾಗ ಸಂಗ್ರಹವೇ ಗತಿ.

ಕಲ್ಲಿನ ಮಾತೂ ಹಾಗೆಯೇ. ನಮ್ಮ ಹಳ್ಳಿಗಳ ಹನುಮಪ್ಪನ ಗುಡಿಯ ಬದಿಯಲ್ಲಿ ವೀರಗಲ್ಲುಗಳು ಎಣ್ಣೆ, ಸುಣ್ಣ ಬಳಿಸಿಕೊಂಡು ನಿಂತಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಸತ್ತವನ ಹೆಸರು ನಾಲ್ಕು ಜನಕ್ಕೆ ತಿಳಿಯಲಿ ಎಂದು ನಿಲ್ಲಿಸಿದ ಕಲ್ಲದು. ಸುಣ್ಣದ ಪದರಿನಡಿ ಅಕ್ಷರ ಮುಚ್ಚಿಹೋದರೆ ಭಕ್ತಿ ಉಳಿದು ಹೆಸರು ಅಳಿಯುತ್ತದೆ. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು 'ಶಾಸನಗಳಲ್ಲಿ ಶಿವಶರಣರು' ಬರೆಯಲು ಸಾಧ್ಯವಾದದ್ದು ಕಲ್ಲುಗಳು ಉಳಿದಿದ್ದವು, ಓದಲು ಬರುತ್ತಿದ್ದವು ಎಂಬ ಕಾರಣಕ್ಕೆ. ಅಂಥ ಕಲ್ಲು ನಗಾರಖಾನೆಗೆ ಬಂದರೆ ನನ್ನ ತಕರಾರಿಲ್ಲ. ತಕರಾರಿರುವುದು ಫಲಕದ ಬಗ್ಗೆ. ಕಾಲ, ಶೈಲಿ, ಶಿಲೆಯ ಜಾತಿ ಹೇಳಿ, ಯಾವ ಊರಿನ ಯಾವ ಗುಡಿಯ ಮುಂದೆ ನಿಂತಿತ್ತು, ಅಲ್ಲಿಯವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಹೇಳದ ಫಲಕ, ಕಲ್ಲನ್ನು ಇನ್ನೊಂದು ಸಲ ಸುಣ್ಣದಿಂದ ಮುಚ್ಚಿದಂತೆಯೇ.

ಕೃಷ್ಣೆಗೆ ನಾರಾಯಣಪುರ, ಆಲಮಟ್ಟಿ ಅಣೆಕಟ್ಟುಗಳಾದಾಗ ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ನೀರಿಗೆ ಹೋದವು. ಯಾವ ವಸ್ತುವಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆ ಆ ಜನರ ಮುಂದೆ ಗಡುವಿನ ಜೊತೆ ಬಂದು ನಿಂತಿತ್ತು. ಮನೆಯ ತೊಲೆ, ಬಾಗಿಲ ಜೊತೆ ದೇವರನ್ನೂ ಹೊತ್ತು ಪುನರ್ವಸತಿ ಕೇಂದ್ರಕ್ಕೆ ಬಂದು, ಅಲ್ಲಿ ಹೊಸ ಗುಡಿ ಕಟ್ಟಿದರು. ಕೂಡಲಸಂಗಮದಲ್ಲಿ ಮಾತ್ರ ಬಸವಣ್ಣನವರ ಐಕ್ಯಸ್ಥಳವನ್ನು ಎತ್ತಿ ತರುವಂತಿರಲಿಲ್ಲ. ಸ್ಥಳವೇ ಅಲ್ಲಿ ಪವಿತ್ರ. ಸುತ್ತ ಗೋಡೆ ಎಬ್ಬಿಸಿ ನೀರನ್ನೇ ಹೊರಗೆ ನಿಲ್ಲಿಸಿದರು. ಇಂದು ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಅಲ್ಲಿಗೆ ಹೋಗಬೇಕು. ಒಂದನ್ನು ಹೊತ್ತು ತಂದರು, ಇನ್ನೊಂದನ್ನು ಇದ್ದಲ್ಲೇ ಕಾದರು, ಉಳಿದದ್ದನ್ನು ಹೊಳೆಗೆ ಬಿಟ್ಟರು. ಯಾವುದಕ್ಕೆ ಯಾವುದು ಎಂದು ಅವರಿಗೆ ತಿಳಿದಿತ್ತು.

ಜಗತ್ತಿನ ಮ್ಯೂಸಿಯಂಗಳು ಇಂದು 'ಹಿಂದಿರುಗಿಸಬೇಕೇ, ಇಟ್ಟುಕೊಳ್ಳಬೇಕೇ' ಎಂಬ ವಾದದಲ್ಲಿ ಮುಳುಗಿವೆ. ಕದ್ದದ್ದನ್ನು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಡೆತನದ ಪ್ರಶ್ನೆ ಮಾತ್ರ. ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಈ ವಸ್ತು ಕರಗಬೇಕಾದದ್ದೋ, ಮರೆಯಲ್ಲಿರಬೇಕಾದದ್ದೋ, ಓದಿಸಿಕೊಳ್ಳಬೇಕಾದದ್ದೋ? ಇದಕ್ಕೆ ಉತ್ತರ ಪರಿಣತರ ಬಳಿಯಷ್ಟೇ ಇಲ್ಲ. ಮಣ್ಣೆತ್ತು ಮಾಡುವ ಮಕ್ಕಳ ಬಳಿ, ಪಂಜಾ ಹೊರುವವರ ಬಳಿ, ರೊಟ್ಟಿ ಬಡಿಯುವವರ ಬಳಿಯೂ ಇದೆ. ನಗಾರಖಾನೆಯ ಮೂರ್ತಿಗೆ ಕೈ ಮುಗಿಯುವ ಆ ತಾಯಂದಿರು ಫಲಕ ಓದಲಾರರು ಎಂದು ಮರುಗುವವರಿದ್ದಾರೆ. ಫಲಕ ಬರೆಯುವ ಮುನ್ನ ಅವರನ್ನು ಒಂದು ಮಾತು ಕೇಳಿದವರು ಎಷ್ಟು ಜನ?