ಕಾಗದದ ಗುರಿ, ಹಿಟ್ಟಿನ ಕೋಳಿ

ಜೀವವಿಲ್ಲದ ಗುರಿಗೆ ಗುಂಡು ಹೊಡೆದವನಿಗೆ ಹಿಂಸೆಯ ದೋಷ ತಗಲುವುದೆ? ಊರಿನಲ್ಲಿಯೇ ಉಳಿದ ಶ್ರಾವಕನಿಗೆ ಈ ಪ್ರಶ್ನೆ ಎದುರಾಗುವುದು ವಿರಳ. ದೇಶಾಂತರ ಹೋದವನಿಗೆ ಅದು ರಜಾದಿನದ ಒಂದು ಆಮಂತ್ರಣದ ರೂಪದಲ್ಲಿ ಬರಬಹುದು.

ಮೂಡುಬಿದಿರೆಯ ಬಸದಿಗಳ ನೆರಳಿನಲ್ಲಿ ಬೆಳೆದು, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಸಂಸಾರ ಹೂಡಿರುವ ಎಂಜಿನಿಯರನೊಬ್ಬನ ಪ್ರಸಂಗವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಬಹುದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವನು; ಮಿಠಾಯಿಯ ಪೊಟ್ಟಣ ಕೊಂಡರೂ ಅದರಲ್ಲಿ ಜೆಲಟಿನ್ ಇದೆಯೇ ಎಂದು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡುವವನು. ಕಚೇರಿಯ ಗೆಳೆಯ ಒಂದು ಶನಿವಾರ ಅವನನ್ನು ಶೂಟಿಂಗ್ ರೇಂಜಿಗೆ ಕರೆದ. ಬಂದೂಕು ಹೊಂದುವ ಹಕ್ಕು 1791ರಲ್ಲಿಯೇ ಸಂವಿಧಾನಕ್ಕೆ ತಿದ್ದುಪಡಿಯಾಗಿ ಸೇರಿದ ಆ ದೇಶದಲ್ಲಿ ಅದೊಂದು ಸಾಮಾನ್ಯ ವಿನೋದ. ಉದ್ಯೋಗದ ವೀಸಾದಲ್ಲಿ ಹೋದವರು ಬಂದೂಕನ್ನು ಕೈಯಲ್ಲಿ ಹಿಡಿಯುವುದನ್ನು ಮಾತ್ರ ಅಲ್ಲಿಯ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಇರುವ ಕೆಲವು ವಿನಾಯಿತಿಗಳಲ್ಲಿ ಒಂದು ಬೇಟೆಯ ಪರವಾನಗಿ. ಸಪ್ತವ್ಯಸನಗಳಲ್ಲಿ ಎಣಿಸಿದ ಬೇಟೆಯೇ ಅಲ್ಲಿ ಪ್ರವೇಶದ ಬಾಗಿಲಾಗಿರುವುದು ಶ್ರಾವಕನಿಗೆ ವಿಚಿತ್ರವಾಗಿ ಕಾಣದಿರದು. ಈತನಿಗೆ ಗ್ರೀನ್ ಕಾರ್ಡ್ ದೊರೆತಿದ್ದುದರಿಂದ ಆ ತೊಡಕಿರಲಿಲ್ಲ. ಕುತೂಹಲದಿಂದ ಹೋದ.

ಪಿಸ್ತೂಲನ್ನು ಮುಟ್ಟುವ ಮೊದಲು ನಿಯಮಗಳ ಪಾಠ ನಡೆಯಿತು. ಪ್ರತಿಯೊಂದು ಬಂದೂಕಿನಲ್ಲಿಯೂ ಗುಂಡು ಇದೆಯೆಂದೇ ತಿಳಿಯಬೇಕು. ನಾಶವಾಗಬಾರದೆಂದು ಬಯಸುವ ಯಾವುದರ ಕಡೆಗೂ ಅದರ ಬಾಯಿಯನ್ನು ತಿರುಗಿಸಬಾರದು. ಗುರಿ ನಿಶ್ಚಯವಾಗುವವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು. ಗುರಿಯ ಹಿಂದೆ ಏನಿದೆ ಎಂಬುದನ್ನೂ ಅರಿತಿರಬೇಕು. ಕೇಳುತ್ತಿದ್ದಂತೆ ಅವನಿಗೆ ಬಾಲ್ಯದಲ್ಲಿ ಕಲಿತ ಆದಾನನಿಕ್ಷೇಪಣ ಸಮಿತಿ ನೆನಪಾಯಿತು. ಮುನಿಗಳು ಪಿಂಛಿಯಿಂದ ನೆಲವನ್ನು ಸವರಿ ಕಮಂಡಲುವನ್ನು ಇಡುವ ಎಚ್ಚರಕ್ಕೂ, ಆ ಶಿಕ್ಷಕ ಪಿಸ್ತೂಲನ್ನು ಹಲಗೆಯ ಮೇಲೆ ಇಡುತ್ತಿದ್ದ ಎಚ್ಚರಕ್ಕೂ ಹೊರನೋಟದಲ್ಲಿ ಸಾಮ್ಯವಿತ್ತು.

ಈ ಸಾಮ್ಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಪ್ರಮಾದಯೋಗದಿಂದ ಆಗುವ ಪ್ರಾಣಹರಣವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಇಲ್ಲಿ ಪ್ರಾಣಹರಣವಿಲ್ಲ; ಮೇಲುನೋಟಕ್ಕೆ ಪ್ರಮಾದವೂ ಇಲ್ಲ. ನಿತ್ಯ ಕಾರು ಓಡಿಸುವಾಗ ಇಲ್ಲದ ಜಾಗರೂಕತೆ ಆ ಒಂದು ಗಂಟೆ ಅವನಲ್ಲಿತ್ತು. ಹಾಗಾದರೆ ಆಕ್ಷೇಪವೆಲ್ಲಿ?

ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಕೈಯಲ್ಲಿ ಹೊಸಬರಿಗೆಂದು ಕೊಡುವ .22 ಅಳತೆಯ ಪಿಸ್ತೂಲು. ಗುರಿಯ ಕಾಗದವು ತಂತಿಯ ಮೇಲೆ ಏಳು ಗಜ ದೂರ ಸರಿದು ನಿಂತಿತು. ಮೊದಲನೆಯದು ವೃತ್ತಗಳ ಕಾಗದ. ಉಸಿರನ್ನು ಅರ್ಧ ಬಿಟ್ಟು ತಡೆದು ಬೆರಳನ್ನು ಮೆಲ್ಲನೆ ಒತ್ತಿದಾಗ ಸಿಡಿತದೊಡನೆ ಬಿಸಿ ಹಿತ್ತಾಳೆಯ ತೋಟೆ ಪಕ್ಕಕ್ಕೆ ಹಾರಿತು. ಹತ್ತಾರು ಹೊಡೆತಗಳ ಬಳಿಕ ಕೈಯ ನಡುಕ ನಿಂತಿತು. ಮನಸ್ಸು ಸಾಮಾಯಿಕಕ್ಕೆ ಕುಳಿತಾಗಲೂ ಸುಲಭವಾಗಿ ಸಿಗದ ಏಕಾಗ್ರತೆಗೆ ಬಂದಿತು. ಅವನಿಗೆ ಸಂತೋಷವಾಯಿತು. ಆ ಸಂತೋಷವನ್ನು ಮರೆಮಾಚಿದರೆ ಪ್ರಶ್ನೆಯೇ ಹುಸಿಯಾದೀತು.

ಎರಡನೆಯದಾಗಿ ಗೆಳೆಯನು ತೂಗುಹಾಕಿದ ಕಾಗದದಲ್ಲಿದ್ದುದು ಮನುಷ್ಯಾಕೃತಿ. ಮುಖವಿಲ್ಲದ ಕಪ್ಪು ತಲೆ, ಹೆಗಲು, ಎದೆ. ಎದೆಯ ಮೇಲೆ ಅಂಕಿಗಳುಳ್ಳ ವೃತ್ತಗಳು. ಅವನು ಕ್ಷಣಕಾಲ ತಡೆದನು, ಅನಂತರ ಹೊಡೆದನು. ಹೃದಯವಿರಬೇಕಾದ ಎಡೆಯಲ್ಲಿ ಮೂರು ರಂಧ್ರಗಳು ಒತ್ತಾಗಿ ಬಿದ್ದವು. ಗೆಳೆಯ ಬೆನ್ನು ತಟ್ಟಿದ. ಕಾಗದವನ್ನು ಸುರುಳಿ ಸುತ್ತಿ ಮನೆಗೆ ತಂದದ್ದೂ ಆಯಿತು. ಆರು ವರ್ಷದ ಮಗಳು ಅದನ್ನು ಬಿಚ್ಚಿ ನೋಡಿ, “ಅಪ್ಪಾ, ಇವರು ಯಾರು?” ಎಂದಳು.

ಕಾಗದ ಅಜೀವ; ಅಹಿಂಸಾಣುವ್ರತವು ತ್ಯಜಿಸಲು ಹೇಳುವ ತ್ರಸಜೀವಿಗಳ ಸಂಕಲ್ಪೀ ಹಿಂಸೆ ಇಲ್ಲಿ ನಡೆದಿಲ್ಲ. ಆಯುಧವನ್ನು ಹಿಡಿದದ್ದೇ ತಪ್ಪೆನ್ನುವುದೂ ಇತಿಹಾಸಕ್ಕೆ ಒಪ್ಪದು. ಸುಮಾರು 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಆದರೆ ಅವನ ಖಡ್ಗಕ್ಕೆ ರಾಜ್ಯರಕ್ಷಣೆಯ ಹೊಣೆಯಿತ್ತು. ವಿನೋದಕ್ಕೆ ಎತ್ತಿದ ಆಯುಧ ಅನರ್ಥದಂಡದ ಗಡಿಯಲ್ಲಿ ನಿಲ್ಲುತ್ತದೆ. ಸಮಂತಭದ್ರರು ರತ್ನಕರಂಡಕದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವ ಹಿಂಸಾದಾನವೂ ಒಂದು. ಗಂಟೆಯ ಬಾಡಿಗೆಗೆ ಪಿಸ್ತೂಲು ಕೊಡುವ ವ್ಯಾಪಾರಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಹೊಡೆದವನ ಭಾವವನ್ನು ಅಳೆಯುವುದು ಇನ್ನೂ ಕಠಿಣ. ಅದಕ್ಕೆ ಜನ್ನನ ಯಶೋಧರ ಚರಿತೆಯ ಕಡೆಗೆ ತಿರುಗಬೇಕು. ಯಶೋಧರನು ಜೀವಂತ ಪ್ರಾಣಿಯನ್ನು ಕೊಲ್ಲಲೊಲ್ಲದೆ, ತಾಯಿ ಚಂದ್ರಮತಿಯ ಮಾತಿಗೆ ಮಣಿದು ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಕಡಿದಾಗ ಅದು ಕೂಗಿತು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಕಾಗದದ ಗುರಿಯ ಮಾತು ಬಂದೊಡನೆ ಈ ಕಥೆಯನ್ನು ಮುಂದಿಟ್ಟು ತೀರ್ಪು ಕೊಡುವುದು ಸುಲಭ. ಆದರೆ ಅದು ಪೂರ್ತಿ ನ್ಯಾಯವಲ್ಲ. ಯಶೋಧರನ ಮನಸ್ಸಿನಲ್ಲಿ ಬಲಿಯ ಸಂಕಲ್ಪವಿತ್ತು, ಹಿಟ್ಟು ಅಲ್ಲಿ ಜೀವದ ಪ್ರತಿನಿಧಿ. ಎಂಜಿನಿಯರನ ಮನಸ್ಸಿನಲ್ಲಿ ಯಾರನ್ನೂ ಕೊಲ್ಲುವ ಭಾವವಿರಲಿಲ್ಲ.

ಅದೇ ಕಥೆಯಲ್ಲಿ ಇನ್ನೊಂದು ಹೊಡೆತವಿದೆ. ಅದರ ಪ್ರಸ್ತಾಪ ಕಡಿಮೆ. ಕೊನೆಗೆ ಕೋಳಿಗಳಾಗಿ ಹುಟ್ಟಿದ ಆ ತಾಯಿ ಮಗ ಮುನಿಯ ಉಪದೇಶ ಕಿವಿಗೆ ಬಿದ್ದ ಹರ್ಷದಿಂದ ಕೂಗುತ್ತಾರೆ. ಸಮೀಪದಲ್ಲಿದ್ದ ಅರಸ ಯಶೋಮತಿ, ಯಶೋಧರನ ಸ್ವಂತ ಮಗ, ಸದ್ದನ್ನೇ ಗುರಿಯಾಗಿಸಿ ಬಾಣ ಬಿಡುವ ತನ್ನ ಜಾಣ್ಮೆಯನ್ನು ರಾಣಿಗೆ ತೋರಿಸಲು ಅವೆರಡನ್ನೂ ಕೊಲ್ಲುತ್ತಾನೆ. ಅವನಲ್ಲಿ ಕ್ರೋಧವಿಲ್ಲ, ಹಸಿವಿಲ್ಲ, ದೇವಿಯ ಭಯವಿಲ್ಲ. ಅವನಿಗೆ ಕೇಳಿಸಿದ್ದು ಒಂದು ಗುರಿ ಮಾತ್ರ. ತಂದೆಯು ಹಿಟ್ಟಿನಲ್ಲಿ ಜೀವವನ್ನು ಕಲ್ಪಿಸಿ ಹೊಡೆದ. ಮಗನು ಜೀವದಲ್ಲಿ ಜೀವವನ್ನು ಕಾಣದೆ ಹೊಡೆದ. ಮನುಷ್ಯಾಕೃತಿಯ ಕಾಗದ ಅಭ್ಯಾಸ ಮಾಡಿಸುವುದು ಈ ಎರಡನೆಯದನ್ನು. ಎದೆಯನ್ನು ಅಂಕಿಯಾಗಿ ಕಾಣುವ ರೂಢಿ ಬೆರಳಿಗಿಂತ ಮೊದಲು ಕಣ್ಣಿಗೆ ಹತ್ತುತ್ತದೆ. ಕಪ್ಪು ಆಕೃತಿಯಲ್ಲಿ ಒಬ್ಬ ಮನುಷ್ಯನನ್ನು ಕಂಡದ್ದು ಆ ಮನೆಯಲ್ಲಿ ಮಗು ಮಾತ್ರ.

ವೃತ್ತದ ಗುರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅದು ಯಾರ ಎದೆಯೂ ಅಲ್ಲ. ಆದರೂ ಈ ಕ್ರೀಡೆ ಬಂದ ದಾರಿ ಶುದ್ಧವಲ್ಲ: 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆದರು. ಇಂದು ಆ ಬಗೆಯ ಸ್ಪರ್ಧೆಗಳಲ್ಲಿ ಹಾರುವುದು ಬಿಲ್ಲೆಗಳು. ಹೆಸರು ಮಾತ್ರ ಇನ್ನೂ ‘ಕ್ಲೇ ಪಿಜನ್’, ಮಣ್ಣಿನ ಪಾರಿವಾಳ. ಹಿಟ್ಟಿನ ಕೋಳಿಯ ಹತ್ತಿರದ ಬಂಧು! ಹಕ್ಕಿಯ ಪ್ರಾಣ ಉಳಿದದ್ದು ಸಣ್ಣ ಲಾಭವೇನಲ್ಲ.

ಮಗಳ ಪ್ರಶ್ನೆಗೆ ಆ ತಂದೆ ಅಂದು ಉತ್ತರಿಸಲಿಲ್ಲ. ಕಾಗದವನ್ನು ಮಡಚಿ ತೆಗೆದಿಟ್ಟ. ಮುಂದಿನ ತಿಂಗಳು ಗೆಳೆಯ ಮತ್ತೆ ಕರೆದಾಗ ಅವನು ಹೋದ. ವೃತ್ತಗಳ ಕಾಗದವನ್ನು ಮಾತ್ರ ಕೊಂಡ. ಪಕ್ಕದ ಸಾಲಿನಲ್ಲಿ ಗೆಳೆಯನ ಮನುಷ್ಯಾಕೃತಿ ತೂಗಾಡುತ್ತಿತ್ತು. ಅಂದು ಏಕೋ ಅವನ ಕೈ ಸ್ಥಿರವಾಗಲಿಲ್ಲ.