ಬಿದ್ದವನ ಬಾಯಿ

ಜಾರಿ ಬಿದ್ದವನನ್ನು ಕಂಡು ನಗುವುದು ತಪ್ಪಾ? 1895ರಲ್ಲಿ ಫ್ರಾನ್ಸಿನ ಲೂಯಿ ಲೂಮಿಯೇರ್ ತೆಗೆದ, ಒಂದು ನಿಮಿಷವೂ ಇಲ್ಲದ ಮೂಕಿ ಚಿತ್ರ ನೋಡಿ. ಹುಡುಗನೊಬ್ಬ ತೋಟದ ಪೈಪ್ ಮೆಟ್ಟುತ್ತಾನೆ. ನೀರು ಯಾಕೆ ನಿಂತಿತು ಅಂತ ಮಾಲಿ ಇಣುಕಿದ್ದೇ ತಡ, ಕಾಲು ತೆಗೀತಾನೆ. ಮುಖವೆಲ್ಲ ನೀರು! ನಾನಂತೂ ಪ್ರತಿ ಸಲವೂ ನಗ್ತೇನೆ. ಮಾಲಿ ಹುಡುಗನನ್ನು ಹಿಡಿದು ಬಾರಿಸುತ್ತಾನೆ, ಸರಿ. ಆದರೆ ಅವನಿಗೆ ಏನನಿಸಿತು? ಗೊತ್ತಾಗಿದ್ದರೆ ಅಷ್ಟು ಸಲೀಸಾಗಿ ನಗಲಿಕ್ಕೆ ಆಗುತ್ತಿರಲಿಲ್ಲ.

ನಮ್ಮ ಸುರತ್ಕಲ್ ಕಡೆಯ ಯಕ್ಷಗಾನದಲ್ಲಿ ಹಾಸ್ಯಗಾರನೂ ಎಡವುತ್ತಾನೆ, ಪೆಟ್ಟು ತಿನ್ನುತ್ತಾನೆ. ಆದರೆ ಎದ್ದು ರಾಜನಿಗೇ ಎದುರುತ್ತರ ಕೊಡ್ತಾನೆ. ಆಗ ನಗು ಅವನ ಕಡೆಗೆ ವಾಲುತ್ತದೆ.

ವಾಟ್ಸಾಪಿನಲ್ಲಿ ಯಾರೋ ಬೀಳುವ ವಿಡಿಯೋ ಬಂದರೆ, ಫಾರ್ವರ್ಡ್ ಮಾಡುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಇವನಿಗೆ ಎದ್ದು ಉತ್ತರ ಕೊಡಲಿಕ್ಕೆ ಜಾಗ ಉಂಟಾ?