ಉಳ್ಳವನೂ ಇರುವವನೂ

ಬೆಂಗಳೂರಿನಂಥ ನಗರದಲ್ಲಿ ಬಾಡಿಗೆಯ ಮನೆಗೆ ಹೊಸದಾಗಿ ಒಕ್ಕಲು ಬರುವ ಸಂಸಾರವೊಂದು ಮೊದಲ ದಿನ ನಡೆದುಕೊಳ್ಳುವ ರೀತಿಯಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಸಾಮಾನು ಹೇರಿದ ಗಾಡಿ ಇನ್ನೂ ಬೀದಿಯಲ್ಲಿ ನಿಂತಿರುವಾಗಲೇ ಗೃಹಿಣಿಯು ದೇವರ ಪಟವನ್ನು ಎದೆಗವಚಿಕೊಂಡು ಬಲಗಾಲನ್ನು ಮುಂದಿಟ್ಟು ಹೊಸ್ತಿಲನ್ನು ದಾಟುತ್ತಾಳೆ. ಬರಿದಾದ ಅಡಿಗೆಮನೆಯಲ್ಲಿ ಒಲೆ ಹಚ್ಚಿ, ಅರಿಸಿನ ಕುಂಕುಮವಿಟ್ಟ ಪಾತ್ರೆಯಲ್ಲಿ ಹಾಲು ಕಾಯಿಸಿ, ಅದು ಉಕ್ಕಿ ಹರಿಯುವವರೆಗೆ ಕೈಮುಗಿದು ನಿಲ್ಲುತ್ತಾಳೆ. ಅವಳ ಪತಿ ರುಜು ಹಾಕಿರುವ ಕರಾರುಪತ್ರದ ಪ್ರಕಾರ ಆ ಮನೆಯಲ್ಲಿ ಅವರಿಗಿರುವ ಅವಕಾಶ 11 ತಿಂಗಳದು. ಒಂದು ವರ್ಷವನ್ನು ಮೀರಿದ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸುವುದರಿಂದ, ಆ ವೆಚ್ಚವನ್ನೂ ತೊಡಕನ್ನೂ ತಪ್ಪಿಸಲೆಂದು ರೂಢಿಗೆ ಬಂದ ಅವಧಿ ಅದು. ಅದೇ ಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದೆಂಬ ಷರತ್ತೂ ಇರುವುದುಂಟು. ಆಗ ಆ ಪಟವು ಗೂಡಿನಲ್ಲಿಯೋ ಮಣೆಯ ಮೇಲೆಯೋ ಗೋಡೆಗೆ ಒರಗಿಯೇ ಕೂಡಬೇಕು. ಇಷ್ಟು ಅಲ್ಪಕಾಲದ ವಾಸಕ್ಕೆ ಈ ಸಂಸ್ಕಾರವೇಕೆ? ತನ್ನದಲ್ಲದ ಅಡಿಗೆಮನೆಯಲ್ಲಿ ಉಕ್ಕಿದ ಹಾಲು ಯಾರ ಮನೆಯ ಮಂಗಲ? ಒಡೆತನಕ್ಕಿಂತ ಬೇರೆಯಾದ, ಬರಿಯ ಇರುವಿಕೆಯಿಂದಲೇ ಹುಟ್ಟುವ ಒಂದು ಧರ್ಮಸಂಬಂಧವು ಮನುಷ್ಯನಿಗೂ ಮನೆಗೂ ನಡುವೆ ಇದೆಯೆಂದು ಆ ಗೃಹಿಣಿ ನಂಬಿದ್ದಾಳೆ. ಅವಳ ನಂಬಿಕೆ ಸತ್ಯವೆಂದೇ ನನ್ನ ಅಭಿಪ್ರಾಯ.

ಈ ವಿಚಾರ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ರಾಜಧಾನಿಯಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಅಥವಾ ಲೋಕವ್ಯವಹಾರದಿಂದಲೇ ತಿಳಿಯತಕ್ಕದ್ದೋ ಎಂದು ದೀರ್ಘವಾಗಿ ಚರ್ಚಿಸಿ, ಶಾಸ್ತ್ರದ ಪರಿಚಯವೇ ಇಲ್ಲದ ಗಡಿನಾಡಿನ ಜನರಲ್ಲಿಯೂ ಕೊಳ್ಳುವ ಮಾರುವ ವ್ಯವಹಾರ ಕಾಣಬರುವುದರಿಂದ ಅದು ಲೌಕಿಕವೆಂದೇ ನಿರ್ಣಯಿಸಿದನು. ಒಡೆತನವು ಆಕಾಶದಿಂದ ಇಳಿದುಬಂದ ವರವಲ್ಲ, ಮನುಷ್ಯರು ಕೂಡಿ ಬಾಳುವುದಕ್ಕಾಗಿ ಏರ್ಪಡಿಸಿಕೊಂಡ ವ್ಯವಸ್ಥೆ ಎಂಬುದು ಇದರಿಂದ ಹೊರಡುವ ತಾತ್ಪರ್ಯ. ಮನುಷ್ಯರು ಏರ್ಪಡಿಸಿಕೊಂಡದ್ದಕ್ಕೆ ಮನುಷ್ಯರೇ ಉತ್ತರ ಹೇಳಬೇಕಾಗುತ್ತದೆ. ಸ್ಮೃತಿಯು ಆಗಮವನ್ನು, ಎಂದರೆ ಹಕ್ಕಿನ ಮೂಲವನ್ನು, ಅನುಭೋಗಕ್ಕಿಂತ ಹೆಚ್ಚಿನದೆಂದು ಎಣಿಸಿದರೂ, ಲೇಶವಾದರೂ ಅನುಭೋಗವಿಲ್ಲದ ಆಗಮಕ್ಕೆ ಬಲವಿಲ್ಲವೆಂದು ಅದೇ ಉಸಿರಿನಲ್ಲಿ ಹೇಳುತ್ತದೆ. ತನ್ನ ಭೂಮಿಯನ್ನು ಅನ್ಯನು 20 ವರ್ಷ ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದ ಒಡೆಯನಿಗೆ ಹಾನಿಯೆಂದು ವಿಧಿಸುವ ಸ್ಥಳದಲ್ಲಿ, ವಿಜ್ಞಾನೇಶ್ವರನು ಆ ಹಾನಿಯನ್ನು ಭೂಮಿಯ ಹಾನಿಯೆಂದು ಅರ್ಥಮಾಡದೆ ಫಲದ ಹಾನಿಯೆಂದು ಅರ್ಥಮಾಡುತ್ತಾನೆ: ನೆಲ ಉಳ್ಳವನದೇ, ಆದರೆ ಕಳೆದ ಕಾಲದ ಫಲ ಇದ್ದವನದು. ನಾರದಸ್ಮೃತಿಯಂತೂ, ಪರರ ನೆಲದಲ್ಲಿ ಬಾಡಿಗೆ ಕೊಟ್ಟು ಮನೆ ಕಟ್ಟಿಕೊಂಡಿದ್ದವನು ಹೊರಡುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದೆಂದೂ, ಬಾಡಿಗೆ ಕೊಡದೆ ಇದ್ದವನಿಗೆ ಆ ಅಧಿಕಾರವಿಲ್ಲವೆಂದೂ ಸ್ಪಷ್ಟಪಡಿಸಿದೆ. ಉಳ್ಳವನನ್ನೂ ಇರುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ, ಇಬ್ಬರಿಗೂ ಸಲ್ಲತಕ್ಕದ್ದನ್ನು ಸಲ್ಲಿಸುವ ಪ್ರಯತ್ನ ಇದು.

ಧರ್ಮಶಾಸ್ತ್ರದಿಂದ ಅಧ್ಯಾತ್ಮದ ಕಡೆಗೆ ತಿರುಗಿದರೆ ಕೇಳಿಬರುವ ಸ್ವರ ಬೇರೆ. ಭಾಗವತದ ಏಕಾದಶ ಸ್ಕಂಧದಲ್ಲಿ ಬರುವ ಅವಧೂತನು ತನ್ನ 24 ಗುರುಗಳಲ್ಲಿ ಸರ್ಪವನ್ನೂ ಒಬ್ಬ ಗುರುವಾಗಿ ಎಣಿಸುತ್ತಾನೆ. ಅನಿತ್ಯವಾದ ದೇಹವುಳ್ಳವನಿಗೆ ಮನೆ ಕಟ್ಟುವ ಪ್ರಯಾಸವು ದುಃಖಕ್ಕೇ ಕಾರಣವೆಂಬುದನ್ನೂ, ಅನ್ಯರು ಮಾಡಿದ ಬಿಲವನ್ನು ಹೊಕ್ಕು ಹಾವು ಸುಖವಾಗಿರುವುದನ್ನೂ ಕಂಡು ಅವನು ಪಾಠ ಕಲಿತನಂತೆ. ಈಶಾವಾಸ್ಯವು ಜಗತ್ತೆಲ್ಲವೂ ಈಶ್ವರನಿಂದ ವ್ಯಾಪ್ತವಾದುದೆಂದು ಸಾರಿ, ಪರರ ಧನಕ್ಕೆ ಆಸೆಪಡದೆ ತ್ಯಾಗದಿಂದ ಭೋಗಿಸುವುದನ್ನು ಉಪದೇಶಿಸುತ್ತದೆ. ಗೀತೆಯು ದೇಹವನ್ನೇ ಒಂಬತ್ತು ಬಾಗಿಲಿನ ಪುರವೆಂದು ಕರೆಯುತ್ತದೆ. ಇವುಗಳ ಬಲದಿಂದಲೇ ನಮ್ಮ ಹರಿಕಥೆಗಳಲ್ಲಿಯೂ ಮನೆಮಾತಿನಲ್ಲಿಯೂ, ಈ ಲೋಕವೇ ಒಂದು ಬಾಡಿಗೆಯ ಮನೆ, ಕರೆ ಬಂದ ದಿನ ಖಾಲಿ ಮಾಡಬೇಕು ಎಂಬ ಮಾತು ಬೇರೂರಿದೆ.

ಮಾತು ಸತ್ಯವಾದದ್ದೇ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಾರೆಂಬುದು ಅದರ ಸತ್ಯದಷ್ಟೇ ಮುಖ್ಯ. ಮಕ್ಕಳ ಪರೀಕ್ಷೆ ಹತ್ತಿರವಿರುವಾಗ ಮನೆ ಬಿಡಬೇಕೆಂಬ ಸೂಚನೆ ಬಂದು, ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡವನ್ನು ಇನ್ನೊಬ್ಬರಿಗೆ ಹೊಂದಿಸಲಾರದೆ, ಟು-ಲೆಟ್ ಬೋರ್ಡುಗಳನ್ನು ಹುಡುಕುತ್ತ ಬಿಸಿಲಲ್ಲಿ ಬೀದಿಬೀದಿ ಅಲೆಯುವ ಗುಮಾಸ್ತನಿಗೆ, ಸ್ವಂತ ಮನೆಯ ಜಗಲಿಯ ಮೇಲೆ ಕುಳಿತವರು ಲೋಕದ ಅನಿತ್ಯತೆಯನ್ನು ಬೋಧಿಸಿದರೆ ಅದು ವೇದಾಂತವಲ್ಲ. ನಿರ್ದಯತೆ ವೇದಾಂತದ ವಸ್ತ್ರವನ್ನು ಹೊದ್ದಿರುವುದಷ್ಟೆ. ಅವಧೂತನು ತಾನಾಗಿ ಬಿಟ್ಟವನು, ಗುಮಾಸ್ತನು ಬಿಡಿಸಲ್ಪಟ್ಟವನು. ಬಿಡುವುದಕ್ಕೂ ಬಿಡಿಸಲ್ಪಡುವುದಕ್ಕೂ ಇರುವ ಅಂತರವನ್ನು ಮರೆತ ತತ್ತ್ವಜ್ಞಾನವು ದುರ್ಬಲರ ಮೇಲೆ ಹೊರಿಸಿದ ಭಾರವಾಗುತ್ತದೆ. ಅನಿತ್ಯತೆಯ ಬೋಧೆಗೆ ಮೊದಲ ಅಧಿಕಾರಿ ಕ್ರಯಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವನು. ಅದನ್ನು ಅವನಿಗೆ ಹೇಳಬೇಕಾದವನೂ ಅವನೇ.

ಹೀಗೆಂದ ಮಾತ್ರಕ್ಕೆ ಉಳ್ಳವನನ್ನು ಲೋಭಿಯೆಂದು ಚಿತ್ರಿಸುವುದು ನ್ಯಾಯವಲ್ಲ. ಮನೆಯೊಡೆಯರೆಂದರೆ ಸಿರಿವಂತರೆಂದು ತಿಳಿಯುವವರು, ಭವಿಷ್ಯನಿಧಿಯ ಹಣವೆಲ್ಲವನ್ನೂ ಸುರಿದು, ಸಾಲದ ಕಂತು ಕಟ್ಟುತ್ತ ಮಹಡಿಯ ಮೇಲೊಂದು ಮನೆ ಎಬ್ಬಿಸಿದ ನಿವೃತ್ತ ಉಪಾಧ್ಯಾಯರನ್ನು ನೋಡಿರಲಾರರು. ತಿಂಗಳ ಮೊದಲ ವಾರದಲ್ಲಿ ಬರುವ ಬಾಡಿಗೆಯಿಂದಲೇ ಔಷಧಿಯನ್ನೂ ದಿನಸಿಯನ್ನೂ ತರಿಸಿಕೊಳ್ಳಬೇಕಾದ ವಿಧವೆಯು, ಆ ವಾರ ಕಳೆದರೂ ಮೇಲಿನ ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದಾಗದಿದ್ದಾಗ ಕೇಳಲೂ ಆರದೆ ಬಿಡಲೂ ಆರದೆ ಪಡುವ ಸಂಕಟವನ್ನು ಅರಿತಿರಲಾರರು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಿಡಾರದವರನ್ನು ಅನ್ಯಾಯದ ಎತ್ತಂಗಡಿಯಿಂದ ಕಾಪಾಡುವ ಸದುದ್ದೇಶದಿಂದ ಬಂದದ್ದು. ಆದರೂ ಅದರ ಆಸರೆಯಲ್ಲಿ ಕೆಲವರು, ಸುಣ್ಣ ಬಳಿಸುವುದಕ್ಕೂ ಸಾಲದ ಹಳೆಯ ಬಾಡಿಗೆಗೆ ಅಂಟಿಕೊಂಡು, ಮನೆಯೊಡೆಯನು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು ಮುದಿಯಾಗುವವರೆಗೂ ಕದಲದೆ ಇದ್ದುದುಂಟು. ಹತ್ತು ತಿಂಗಳ ಮುಂಗಡವಾಗಲಿ, ಮೊಳೆ ಹೊಡೆಯಬಾರದೆಂಬ ಷರತ್ತಾಗಲಿ, ಬಾಡಿಗೆ ಕೊಟ್ಟ ರಸೀದಿಗಳನ್ನು ದಾರಕ್ಕೆ ಪೋಣಿಸಿ ಕಾಪಾಡುವ ಬಿಡಾರದವನ ಎಚ್ಚರವಾಗಲಿ, ಇವೆಲ್ಲವೂ ಭಯವು ತಾಳಿದ ರೂಪಗಳೇ. ತನಗಿಂತ ಬೇರೆಯಾದ ಎರಡನೆಯದೊಂದು ಉಂಟೆಂದು ತೋರಿದಲ್ಲಿ ಭಯ ಹುಟ್ಟುವುದೆಂದು ಬೃಹದಾರಣ್ಯಕವು ಕಂಡುಕೊಂಡ ತತ್ತ್ವವು, ಕೆಳಗಿನ ಮನೆಗೂ ಮೇಲಿನ ಮನೆಗೂ ನಡುವಿನ ಮೆಟ್ಟಿಲುಗಳಲ್ಲಿ ಪ್ರತಿದಿನವೂ ನಿದರ್ಶನ ಪಡೆಯುತ್ತಿದೆ.

ಈ ಭಯವನ್ನು ದಾಟುವ ದಾರಿಯನ್ನು ತೋರುವುದರಲ್ಲಿ ಜೈನಧರ್ಮದ ವಿಚಾರವೊಂದು ನನಗೆ ಅತ್ಯಂತ ಸೂಕ್ಷ್ಮವಾಗಿ ಕಂಡಿದೆ. ತತ್ತ್ವಾರ್ಥಸೂತ್ರದ ದಿಗಂಬರ ಪಾಠದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳುವಾಗ, ಮೊದಲಿನ ಮೂರೂ ವಾಸಕ್ಕೆ ಸಂಬಂಧಿಸಿದವುಗಳೇ: ಯಾರೂ ಇಲ್ಲದ ಗುಹೆ ಮೊದಲಾದ ಶೂನ್ಯಸ್ಥಾನದಲ್ಲಿ ವಾಸ, ಅನ್ಯರು ಬಿಟ್ಟುಹೋದ ಮನೆಯಲ್ಲಿ ವಾಸ, ತಾನಿರುವ ಸ್ಥಳಕ್ಕೆ ಬಂದ ಇತರರನ್ನು ತಡೆಯದಿರುವಿಕೆ. ಎಲ್ಲಿ ಇರಬೇಕು, ಹೇಗೆ ಇರಬೇಕು ಎಂಬ ಪ್ರಶ್ನೆಯನ್ನು ಕಳವಿನ ಪ್ರಕರಣದಲ್ಲಿ ಇರಿಸಿದ ಈ ದೃಷ್ಟಿ ಗಹನವಾದದ್ದು. ಶ್ವೇತಾಂಬರ ಯತಿಗಳ ಆಚಾರದಲ್ಲಿ, ತನಗೆ ತಂಗಲು ಎಡೆಕೊಟ್ಟ ಗೃಹಸ್ಥನಿಂದ ಯತಿಯು ಆಹಾರವನ್ನು ಸ್ವೀಕರಿಸಲಾಗದು; ಆಶ್ರಯವಿತ್ತವನ ಮೇಲೆ ಇನ್ನೊಂದು ಭಾರವನ್ನು ಹೊರಿಸಬಾರದೆಂಬ ಈ ನಾಜೂಕು, ಕೊಡುವವನು ಯಾವನು ಪಡೆಯುವವನು ಯಾವನು ಎಂಬುದನ್ನು ಕ್ಷಣವೂ ಮರೆಯದ ಮನಸ್ಸಿನಿಂದ ಬಂದದ್ದು.

ಯತಿಗೆ ವಿಧಿಸಿದ್ದನ್ನು ಗೃಹಸ್ಥನ ಮೇಲೆ ಹೇರಲಾಗದು. ಆದರೂ ಆ ದೀಪದ ಬೆಳಕಿನಲ್ಲಿ ನೋಡಿದರೆ ನಮ್ಮ ಬೀದಿಗಳಲ್ಲಿ ನಡೆಯುವ ಎರಡು ಬಗೆಯ ಕಳವು ಕಣ್ಣಿಗೆ ಬೀಳುತ್ತವೆ. ಬಾಡಿಗೆಯನ್ನು ಪಡೆದೂ ಮನೆಯನ್ನು ಕೊಡದಿರುವುದು ಮೊದಲನೆಯದು: ಯಾವ ನೆಂಟರು ಬಂದರು, ಎಷ್ಟು ಕೊಡ ನೀರು ಹಿಡಿದರು, ರಾತ್ರಿ ಎಷ್ಟು ಹೊತ್ತಿನವರೆಗೆ ದೀಪ ಉರಿಯಿತು ಎಂದು ದಿನವೂ ಲೆಕ್ಕವಿಡುವ ಒಡೆಯನು, ಮಾರಿದ ವಸ್ತುವನ್ನು ಮುಷ್ಟಿಯಲ್ಲಿಯೇ ಹಿಡಿದುಕೊಂಡಿದ್ದಾನೆ. ಮನೆಯನ್ನು ಅನುಭವಿಸಿಯೂ ಅದನ್ನು ಪಾಲಿಸದಿರುವುದು ಎರಡನೆಯದು: ಸೋರುವ ನಲ್ಲಿಯನ್ನು ಕಂಡೂ ತನ್ನದಲ್ಲವೆಂದು ಸುಮ್ಮನಿದ್ದು ಗೋಡೆ ನೆನೆಯಲು ಬಿಡುವವನು, ಹಿಂದಿರುಗಿಸಬೇಕಾದುದನ್ನು ದಿನಕ್ಕಷ್ಟು ಕದಿಯುತ್ತಿದ್ದಾನೆ. ತನ್ನದಲ್ಲವೆಂಬ ಅರಿವು ವೈರಾಗ್ಯಕ್ಕೂ ದಾರಿಯಾಗಬಹುದು, ಉಪೇಕ್ಷೆಗೂ ದಾರಿಯಾಗಬಹುದು. ವಿರಾಗಿಯು ತನ್ನದಲ್ಲದ್ದರಲ್ಲಿ ಹೆಚ್ಚಿನ ಜಾಗರೂಕತೆಯಿಂದ ನಡೆಯುತ್ತಾನೆಂಬುದರಿಂದಲೇ ಇವೆರಡನ್ನೂ ಬೇರ್ಪಡಿಸಿ ಗುರುತಿಸಬೇಕು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವು ಇದೇ ವಿವೇಕವನ್ನು ವ್ಯವಹಾರದ ಭಾಷೆಯಲ್ಲಿ ಬರೆದಿಟ್ಟಿದೆ. ಸಾಮಾನ್ಯ ಎಚ್ಚರಿಕೆಗೆ ಕಾಣದ ದೊಡ್ಡ ದೋಷವೇನಾದರೂ ಸ್ವತ್ತಿನಲ್ಲಿದ್ದು ಅದು ತನಗೆ ತಿಳಿದಿದ್ದರೆ ಒಡೆಯನು ಮೊದಲೇ ತಿಳಿಸಬೇಕು. ಬಾಡಿಗೆ ಸಲ್ಲಿಸಿ ಕರಾರಿನಂತೆ ನಡೆಯುವವನ ಅನುಭೋಗಕ್ಕೆ ಅಡ್ಡಿಯಾಗಬಾರದು. ಪಡೆದವನು ಪಡೆದಂತೆಯೇ ಹಿಂದಿರುಗಿಸಬೇಕು, ಆದರೆ ಸಹಜವಾದ ಸವೆತಕ್ಕೆ ಅವನು ಹೊಣೆಯಲ್ಲ. ಈ ಕೊನೆಯ ಮಾತಿನಲ್ಲಿ ಎಷ್ಟೊಂದು ಔದಾರ್ಯವಿದೆ! ಮನೆ ಬಿಡುವ ದಿನ ಒಡೆಯನು ಕೋಣೆಯಿಂದ ಕೋಣೆಗೆ ನಡೆದು ನೋಡುವಾಗ ಅವನ ಕಣ್ಣಿಗೆ ಬೀಳುವುದೇನು? ಒಲೆಯ ಮೇಲಿನ ಗೋಡೆಗೆ ಹಿಡಿದ ಒಗ್ಗರಣೆಯ ಜಿಡ್ಡು, ದೇವರ ಗೂಡಿನಲ್ಲಿ ದೀಪದ ಹೊಗೆಯ ಕಪ್ಪು, ಮಗುವಿನ ಎತ್ತರವನ್ನು ಹುಟ್ಟುಹಬ್ಬದಂದು ಬಾಗಿಲವಾಡದ ಮೇಲೆ ಗುರುತಿಸಿದ ಪೆನ್ಸಿಲಿನ ಗೆರೆಗಳು. ಇವು ಮನೆಗೆ ಆದ ಕೇಡಲ್ಲ. ಜನ ಉಂಡು, ಪೂಜಿಸಿ, ಬೆಳೆದು ಬಾಳುವುದಕ್ಕಾಗಿಯೇ ಮನೆಯನ್ನು ಕೊಟ್ಟದ್ದು, ಆ ಬಾಳಿಗೇ ಬಾಡಿಗೆಯನ್ನು ಪಡೆದದ್ದು. ಅದೇ ಬಾಳಿನ ಗುರುತುಗಳಿಗಾಗಿ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುವುದು ರೂಢಿಯಾಗಿದ್ದರೂ ಧರ್ಮವೆನಿಸಲಾರದು.

ಇದಕ್ಕಿಂತಲೂ ಗುರುತರವಾದ ಅಧರ್ಮವೊಂದು ಬಾಗಿಲಿನಲ್ಲಿಯೇ ನಡೆದುಹೋಗುತ್ತದೆ. ಮನೆ ಕೇಳಿಕೊಂಡು ಬಂದವರನ್ನು, ಬಾಡಿಗೆ ಕೊಡಬಲ್ಲರೇ, ಸಭ್ಯರೇ ಎಂದು ವಿಚಾರಿಸುವ ಮೊದಲೇ ‘ನೀವು ಯಾವ ಪೈಕಿ?’ ಎಂದು ಕೇಳಿ, ಜಾತಿ ಮತಗಳು ತಿಳಿದೊಡನೆ ‘ಮನೆ ನಿನ್ನೆಯೇ ಹೋಯಿತು’ ಎಂದು ಕಳಿಸಿಬಿಡುವವರಲ್ಲಿ ದೈವಭಕ್ತರು ಅನೇಕರಿದ್ದಾರೆ. ದೇವರ ಮನೆಯ ಮಡಿಗಾಗಿಯೇ ಹೀಗೆ ಮಾಡುತ್ತಿದ್ದೇವೆಂಬುದು ಅವರ ಸಮಾಧಾನ. ಅವರು ತಮ್ಮ ಒಲೆಯ ಮೇಲೆ ಏನು ಬೇಯಬೇಕೆಂಬುದನ್ನು ನಿರ್ಧರಿಸಲು ಸ್ವತಂತ್ರರು. ಆದರೆ ಸರ್ವವೂ ಈಶ್ವರನ ಆವಾಸವೆಂದು ಬೆಳಗ್ಗೆ ಪಾರಾಯಣ ಮಾಡಿದ ಬಾಯಿ, ಆ ಈಶ್ವರನೇ ಒಳಗಿರುವ ಮನುಷ್ಯನನ್ನು ಮಧ್ಯಾಹ್ನ ಹೊಸ್ತಿಲಿನಿಂದ ಹಿಂದಕ್ಕೆ ಕಳುಹಿದರೆ, ಅಶುಚಿಯಾದದ್ದು ಹೊಸ್ತಿಲಲ್ಲ, ಪಾರಾಯಣ. ಬಂದವರನ್ನು ತಡೆಯದಿರುವುದೂ ಅಚೌರ್ಯದ ಅಂಗವೆಂದ ಆ ಹಳೆಯ ಸೂತ್ರಕಾರನು, ತಡೆಯುವುದು ಕಳವಿಗೆ ಸಮೀಪವೆಂದು ಕಂಡಿದ್ದನು.

ಕೊನೆಯದಾಗಿ, ಉಳ್ಳವನ ಒಡೆತನಕ್ಕೂ ಒಂದು ಪೂರ್ವಕಥೆ ಇದೆಯೆಂಬುದನ್ನು ನಮ್ಮ ಶಾಸ್ತ್ರಗಳು ಬಲ್ಲವು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಮರ ಕಡಿಯಲು ಕಾಡನ್ನು ಹೊಗುವವನು, ಆ ಮರದಲ್ಲಿ ನೆಲೆಸಿರುವ ಭೂತಗಳಿಗೆ ಬಲಿಯನ್ನರ್ಪಿಸಿ, ಬೇರೆಡೆಯಲ್ಲಿ ವಾಸವನ್ನು ಕಲ್ಪಿಸಿಕೊಳ್ಳಿರೆಂದೂ ತನ್ನನ್ನು ಕ್ಷಮಿಸಿರೆಂದೂ ಪ್ರಾರ್ಥಿಸಬೇಕೆಂಬ ವಿಧಿಯುಂಟು. ದೇವರ ವಿಗ್ರಹಕ್ಕೆ ಬೇಕಾದ ಮರವೂ ಇನ್ನಾರದೋ ಮನೆಯಾಗಿತ್ತೆಂಬ ಈ ಅರಿವು ನಮ್ಮ ಪ್ರತಿಯೊಂದು ನಿವೇಶನಕ್ಕೂ ಅನ್ವಯಿಸುತ್ತದೆ. ಕೆರೆಯಂಗಳವೋ ಹೊಲವೋ ತೋಪೋ ಆಗಿದ್ದ ಜಾಗವನ್ನು ಬಡಾವಣೆ ಮಾಡಿ ನಾವು ನೆಲೆಸಿದ್ದೇವೆ, ಯಾರೋ ಎದ್ದುಹೋದದ್ದರಿಂದ ನಮಗೆ ಎಡೆಯಾಗಿದೆ. ಮೊದಲಿಗನೆಂಬ ಒಡೆಯನು ಎಲ್ಲಿಯೂ ಇಲ್ಲದಿರಲಾಗಿ, ಒಡೆತನದ ಬೆಲೆಯನ್ನು ಅದು ಎಷ್ಟು ಬಿಗಿಯಾಗಿದೆ ಎಂಬುದರಿಂದ ಅಳೆಯದೆ, ಅದರ ಆಸರೆಯಲ್ಲಿ ಎಷ್ಟು ಜನ ನಿರ್ಭಯರಾಗಿ ಬಾಳಿದರು ಎಂಬುದರಿಂದ ಅಳೆಯಬೇಕು. ಹಾಗೆ ಅಳೆದಾಗ ಉಳ್ಳವನ ಕರ್ತವ್ಯವೂ ಇರುವವನ ಕರ್ತವ್ಯವೂ ಒಂದೇ ವಾಕ್ಯದಲ್ಲಿ ಅಡಗುತ್ತವೆ: ಕೊಟ್ಟವನು ಪೂರ್ತಿಯಾಗಿ ಕೊಡಬೇಕು, ಪಡೆದವನು ಪೂರ್ತಿಯಾಗಿ ಕಾಪಾಡಬೇಕು. ಈ ವ್ರತವನ್ನು ಇಬ್ಬರೂ ಪಾಲಿಸಿದ ಮನೆಯಲ್ಲಿ ಮೊಳೆಯ ವಿಷಯವನ್ನು ಪತ್ರದಲ್ಲಿ ಬರೆಯಬೇಕಾಗುವುದಿಲ್ಲ. ಒಬ್ಬನು ಕೇಳಿ ಹೊಡೆಯುತ್ತಾನೆ, ಇನ್ನೊಬ್ಬನು ಸಂತೋಷದಿಂದ ಒಪ್ಪುತ್ತಾನೆ.